ಕಲ್ಲು ಯಾವಾಗ ಅದಿರಾಗುತ್ತದೆ? ಕ್ಯಾರಕ್ ಟಂಗ್‌ಸ್ಟನ್ ಗಣಿಯ ವೃತ್ತಾಂತ

ಗಣಿ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗರಾದ ನಮ್ಮ ಮನಸ್ಸಿನಲ್ಲಿ ಮೂಡುವುದು ಕೋಲಾರದ ಚಿನ್ನದ ಗಣಿಯ ಚಿತ್ರ. ಮೂರು ಸಾವಿರ ಮೀಟರಿಗಿಂತಲೂ ಆಳಕ್ಕೆ ಇಳಿದ ಕೂಪಗಳು, ಅವುಗಳ ಮೇಲೆ ನಿಂತ ಉಕ್ಕಿನ ಗೋಪುರಗಳು, ಗುಡ್ಡಗಳಂತೆ ರಾಶಿಬಿದ್ದ ಬೂದು ಬಣ್ಣದ ಕಲ್ಲುಪುಡಿ — ಇವೆಲ್ಲ ನಮಗೆ ಪರಿಚಿತವಾದುವು. ಆದರೆ ಪ್ರಪಂಚದ ಗಣಿಗಳೆಲ್ಲವೂ ಇಷ್ಟು ದೊಡ್ಡವಲ್ಲ. ಯಾವುದೋ ಬೆಟ್ಟದ ಮಗ್ಗುಲಲ್ಲಿ, ಒಂದು ಹಳ್ಳದ ದಡದಲ್ಲಿ, ಬೆರಳೆಣಿಕೆಯಷ್ಟು ಜನರು ಕೆಲಸಮಾಡಿ ಬಿಟ್ಟುಹೋದ ಚಿಕ್ಕ ಗಣಿಗಳು ಅಸಂಖ್ಯಾತವಾಗಿವೆ. ಅವುಗಳಲ್ಲಿ ಒಂದರ ಕಥೆಯನ್ನು ಇಲ್ಲಿ ಹೇಳಲಾಗಿದೆ. ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿರುವ ಈ ಗಣಿಗೆ ಕ್ಯಾರಕ್ ಗಣಿ ಎಂದು ಹೆಸರು. ಅಲ್ಲಿ ತೆಗೆಯುತ್ತಿದ್ದುದು ಟಂಗ್‌ಸ್ಟನ್ ಲೋಹದ ಅದಿರು.

ಈ ಗಣಿಯಲ್ಲಿ ಒಂದು ವಿಶೇಷವುಂಟು. ಇಪ್ಪತ್ತನೆಯ ಶತಮಾನವೊಂದರಲ್ಲಿಯೇ ಇದು ಹಲವು ಬಾರಿ ತೆರೆಯಿತು, ಹಲವು ಬಾರಿ ಮುಚ್ಚಿತು. ಅದಿರು ಮುಗಿದುಹೋಯಿತೆಂದು ಮುಚ್ಚಿದುದಲ್ಲ. ಹೊಸದಾಗಿ ಅದಿರು ಹುಟ್ಟಿತೆಂದು ತೆರೆದುದೂ ಅಲ್ಲ. ಬೆಟ್ಟದ ಒಳಗಿನ ಕಲ್ಲು ನಲವತ್ತು ಕೋಟಿ ವರ್ಷಗಳಿಂದ ಹೇಗಿದ್ದಿತೋ ಹಾಗೆಯೇ ಇದ್ದಿತು. ಹಾಗಾದರೆ ಒಂದು ವರ್ಷ ಅದಿರೆನಿಸಿದ ವಸ್ತು ಮತ್ತೊಂದು ವರ್ಷ ಬರಿಯ ಕಲ್ಲೆನಿಸಿದುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಮೊದಲು ಆ ಲೋಹದ ಗುಣಗಳನ್ನೂ, ಆಮೇಲೆ ಆ ಬೆಟ್ಟದ ರಚನೆಯನ್ನೂ, ಗಣಿಯ ಕೆಲಸದ ಕ್ರಮವನ್ನೂ ತಿಳಿಯಬೇಕು.

ಭಾರವಾದ ಕಲ್ಲು

ಟಂಗ್‌ಸ್ಟನ್ ಎಂಬುದು ಸ್ವೀಡನ್ ದೇಶದ ಭಾಷೆಯ ಮಾತು. ‘ಭಾರವಾದ ಕಲ್ಲು’ ಎಂದು ಅದರ ಅರ್ಥ. ಆ ದೇಶದಲ್ಲಿ ದೊರೆಯುತ್ತಿದ್ದ ಒಂದು ಬಿಳಿಯ ಖನಿಜ ನೋಡುವುದಕ್ಕೆ ಸಾಮಾನ್ಯವಾಗಿದ್ದರೂ ಕೈಯಲ್ಲಿ ಹಿಡಿದರೆ ಬಹು ಭಾರವಾಗಿರುತ್ತಿತ್ತು. 1781ರಲ್ಲಿ ಷೀಲೆ ಎಂಬ ರಸಾಯನಶಾಸ್ತ್ರಜ್ಞನು ಈ ಖನಿಜದಿಂದ ಅದುವರೆಗೆ ಯಾರೂ ಅರಿಯದಿದ್ದ ಒಂದು ಆಮ್ಲವನ್ನು ತಯಾರಿಸಿದನು. ಅವನ ಗೌರವಾರ್ಥವಾಗಿ ಆ ಖನಿಜಕ್ಕೆ ಷೀಲೈಟ್ ಎಂಬ ಹೆಸರು ಬಂದಿದೆ. ಎರಡು ವರ್ಷಗಳ ಅನಂತರ, 1783ರಲ್ಲಿ, ಸ್ಪೇನ್ ದೇಶದಲ್ಲಿ ಎಲುಯಾರ್ ಸಹೋದರರು ಮತ್ತೊಂದು ಕಪ್ಪು ಖನಿಜದಿಂದ ಲೋಹವನ್ನೇ ಬೇರ್ಪಡಿಸಿದರು. ಈ ಕಪ್ಪು ಖನಿಜವೇ ವುಲ್ಫ್ರಮೈಟ್. ತವರದ ಅದಿರಿನೊಡನೆ ಈ ಖನಿಜ ಬೆರೆತಿದ್ದರೆ ಕರಗಿಸುವಾಗ ತವರ ಬಹಳಷ್ಟು ನಷ್ಟವಾಗುತ್ತಿತ್ತು. ತೋಳವು ಕುರಿಯನ್ನು ತಿನ್ನುವಂತೆ ಇದು ತವರವನ್ನು ತಿನ್ನುತ್ತದೆಂದು ಜರ್ಮನಿಯ ಹಳೆಯ ಗಣಿಗಾರರು ಭಾವಿಸಿ, ತೋಳದ ಹೆಸರನ್ನೇ ಇದಕ್ಕೆ ಇಟ್ಟರು. ರಸಾಯನಶಾಸ್ತ್ರದಲ್ಲಿ ಟಂಗ್‌ಸ್ಟನ್ನಿನ ಸಂಕೇತ ಇಂದಿಗೂ ವುಲ್ಫ್ರಮ್ ಎಂಬ ಹೆಸರಿನ ಮೊದಲಕ್ಷರವೇ ಆಗಿದೆ.

ಈ ಲೋಹ ನೀರಿಗಿಂತ 19.3 ಪಟ್ಟು ಭಾರವಾದುದು. ಎಂದರೆ ಚಿನ್ನದಷ್ಟೇ ಭಾರ. ಲೋಹಗಳಲ್ಲೆಲ್ಲ ಅತ್ಯಂತ ಹೆಚ್ಚಿನ ಉಷ್ಣತೆಯಲ್ಲಿ ಕರಗುವುದೂ ಇದೇ. ಕಬ್ಬಿಣ ಸುಮಾರು 1,540 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿದರೆ ಟಂಗ್‌ಸ್ಟನ್ ಕರಗಲು ಸುಮಾರು 3,420 ಡಿಗ್ರಿ ಬೇಕು. ಬಹುಕಾಲ ನಮ್ಮ ಮನೆಗಳನ್ನು ಬೆಳಗಿದ ವಿದ್ಯುದ್ದೀಪಗಳ ಒಳಗಿನ ತಂತಿ ಈ ಲೋಹದ್ದೇ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆದರೆ ಇದರ ಪ್ರಾಮುಖ್ಯಕ್ಕೆ ಮುಖ್ಯ ಕಾರಣ ದೀಪವಲ್ಲ, ಉಕ್ಕು.

ಲೋಹವನ್ನು ಕೊರೆಯುವ ಉಳಿ ಬೇಗ ಕೆಲಸಮಾಡಿದಷ್ಟೂ ಬಿಸಿಯಾಗುತ್ತದೆ. ಸಾಮಾನ್ಯ ಉಕ್ಕಿನ ಉಳಿ ಬಿಸಿಯಾದರೆ ಮೆತ್ತಗಾಗಿ ಮೊನೆ ಕಳೆದುಕೊಳ್ಳುತ್ತದೆ. 1868ರಲ್ಲಿ ಇಂಗ್ಲೆಂಡಿನ ಮುಷೆಟ್ ಎಂಬುವನು ಟಂಗ್‌ಸ್ಟನ್ ಸೇರಿಸಿದ ಉಕ್ಕು ಈ ದೋಷವನ್ನು ಬಹುಮಟ್ಟಿಗೆ ತಡೆಯುವುದೆಂದು ತೋರಿಸಿದನು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅಮೆರಿಕದ ಟೇಲರ್ ಮತ್ತು ವೈಟ್ ಎಂಬವರು ತಯಾರಿಸಿದ ಉಕ್ಕಿನ ಉಳಿ, ಮೊನೆ ಕೆಂಪಗೆ ಕಾದಿದ್ದರೂ ಲೋಹವನ್ನು ಕೊರೆಯುತ್ತಲೇ ಇದ್ದುದನ್ನು ಕಂಡು ಇಂಜಿನಿಯರುಗಳು ಬೆರಗಾದರು. 1920ರ ದಶಕದಲ್ಲಿ ಟಂಗ್‌ಸ್ಟನ್ ಮತ್ತು ಇಂಗಾಲದ ಸಂಯುಕ್ತವಾದ ಟಂಗ್‌ಸ್ಟನ್ ಕಾರ್ಬೈಡ್ ಬಳಕೆಗೆ ಬಂದಿತು. ಕಾಠಿಣ್ಯದಲ್ಲಿ ಅದು ವಜ್ರಕ್ಕೆ ಸಮೀಪವಾದುದು. ಕಲ್ಲು ಕೊರೆಯುವ ಯಂತ್ರದಿಂದ ಹಿಡಿದು ಸೂಕ್ಷ್ಮ ಭಾಗಗಳನ್ನು ಕಡೆಯುವ ಯಂತ್ರದವರೆಗೆ ಇಂದು ಎಲ್ಲೆಡೆಯೂ ಇದೇ ಮೊನೆ.

ಕಾರ್ಖಾನೆಗಳು ವೇಗವಾಗಿ ನಡೆಯಬೇಕಾದರೆ ಈ ಲೋಹ ಬೇಕು. ಕಾರ್ಖಾನೆಗಳು ಅತ್ಯಂತ ವೇಗವಾಗಿ ನಡೆಯುವುದು ಯುದ್ಧಕಾಲದಲ್ಲಿ. ತುಪಾಕಿಯ ನಳಿಗೆ, ಗುಂಡು, ವಿಮಾನದ ಇಂಜಿನು, ಎಲ್ಲವೂ ಕಡೆಯುವ ಯಂತ್ರದಿಂದಲೇ ಹೊರಬರಬೇಕು. ಈ ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಕ್ಯಾರಕ್ ಗಣಿಯ ಏಳುಬೀಳುಗಳೆಲ್ಲ ಇದನ್ನೇ ಅವಲಂಬಿಸಿವೆ.

ಮೂರು ಶಿಲೆಗಳು ಕೂಡುವ ಕಣಿವೆ

ಇಂಗ್ಲೆಂಡಿನ ಸರೋವರ ಪ್ರದೇಶವೆಂದು ಹೆಸರಾದ ಕಂಬ್ರಿಯ ಸೀಮೆಯ ಉತ್ತರದ ಅಂಚಿನಲ್ಲಿ ಕ್ಯಾರಕ್ ಫೆಲ್ ಎಂಬ ಬೆಟ್ಟವಿದೆ. ಅದರ ಎತ್ತರ ಸುಮಾರು 660 ಮೀಟರು. ಮರಗಳಿಲ್ಲದ, ಹುಲ್ಲು ಮತ್ತು ಕುರುಚಲು ಗಿಡಗಳ ಬೆಟ್ಟ. ಅದರ ಪಶ್ಚಿಮದ ಮಗ್ಗುಲಲ್ಲಿ ಗ್ರೇನ್ಸ್‌ಗಿಲ್ ಎಂಬ ಹಳ್ಳ ಹರಿದು ಕಾಲ್ಡ್ಯು ನದಿಯನ್ನು ಸೇರುತ್ತದೆ. ಬ್ರಾಂಡಿಗಿಲ್ ಎಂಬ ಮತ್ತೊಂದು ತೊರೆ ಬಂದು ಈ ಹಳ್ಳವನ್ನು ಕೂಡುವ ಸ್ಥಳದಲ್ಲಿಯೇ ಗಣಿ ಇದೆ. ಇಂಗ್ಲೆಂಡಿನಲ್ಲಿ ಟಂಗ್‌ಸ್ಟನ್ ಅದಿರನ್ನು ವ್ಯಾಪಾರಕ್ಕಾಗಿ ತೆಗೆದುದು ನೈಋತ್ಯದ ಕಾರ್ನ್‌ವಾಲ್ ಮತ್ತು ಡೆವನ್ ಸೀಮೆಗಳನ್ನು ಬಿಟ್ಟರೆ ಇಲ್ಲಿ ಮಾತ್ರ.

ಈ ಪುಟ್ಟ ಕಣಿವೆಯಲ್ಲಿ ಮೂರು ಬೇರೆ ಬೇರೆ ಬಗೆಯ ಶಿಲೆಗಳು ಒಂದರ ಪಕ್ಕದಲ್ಲಿ ಒಂದು ಇವೆ. ಮೊದಲನೆಯದು ಸ್ಕಿಡಾ ಶಿಲೆಗಳೆಂಬ ಜೇಡಿ ಮೂಲದ ಶಿಲೆ. ಸುಮಾರು 47 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಸಂಗ್ರಹವಾದ ಕೆಸರು ಒತ್ತಡಕ್ಕೆ ಸಿಕ್ಕಿ ಗಟ್ಟಿಯಾಗಿ, ಹಲಗೆಹಲಗೆಯಾಗಿ ಸೀಳುವ ಕಲ್ಲಾಯಿತು. ಎರಡನೆಯದು ಗ್ಯಾಬ್ರೊ. ಹೆಚ್ಚುಕಡಮೆ ಅದೇ ಯುಗದಲ್ಲಿ ಭೂಗರ್ಭದಿಂದ ಮೇಲೇರಿದ ಶಿಲಾರಸ ಆ ಜೇಡಿಶಿಲೆಗಳ ನಡುವೆ ನುಗ್ಗಿ ತಣ್ಣಗಾಗಿ ಆದ ಕರಿಯ ದಪ್ಪ ಹರಳಿನ ಕಲ್ಲು ಇದು. ಕ್ಯಾರಕ್ ಬೆಟ್ಟದ ಬಹುಭಾಗ ಇಂಥ ಶಿಲೆಗಳಿಂದ ಆಗಿದೆ.

ಮೂರನೆಯದು ಕಣಶಿಲೆ, ಎಂದರೆ ಗ್ರಾನೈಟು. ಇದು ಎಲ್ಲಕ್ಕಿಂತ ಕಿರಿಯದು. ಸುಮಾರು 40 ಕೋಟಿ ವರ್ಷಗಳ ಹಿಂದೆ ಶಿಲಾರಸದ ಮತ್ತೊಂದು ರಾಶಿ ಕೆಳಗಿನಿಂದ ಮೇಲೇರಿ, ಹಳೆಯ ಶಿಲೆಗಳ ಅಡಿಯಲ್ಲಿ ಗುಮ್ಮಟದಂತೆ ನಿಂತು, ನಿಧಾನವಾಗಿ ಆರಿತು. ಅದರ ಕಾವಿಗೆ ಸುತ್ತಲಿನ ಜೇಡಿಶಿಲೆ ಕುಂಬಾರನ ಆವಿಗೆಯಲ್ಲಿ ಬೆಂದ ಮಡಕೆಯಂತೆ ಬೆಂದು ಬಹು ಗಡುಸಾಯಿತು. ಅನಂತರ ಕೋಟ್ಯಂತರ ವರ್ಷ ಮಳೆ, ಹಿಮ, ನದಿಗಳು ಮೇಲಿನ ಶಿಲೆಯನ್ನು ಸವೆಯಿಸಿದುದರಿಂದ ಆ ಗುಮ್ಮಟದ ನೆತ್ತಿ ಅಲ್ಲಲ್ಲಿ ಹೊರಕ್ಕೆ ಕಾಣಿಸಿಕೊಂಡಿದೆ. ಹಾಗೆ ಕಾಣುವ ಸ್ಥಳಗಳಲ್ಲಿ ಗ್ರೇನ್ಸ್‌ಗಿಲ್ ಹಳ್ಳವೂ ಒಂದು.

ಆದರೆ ಇಲ್ಲಿ ಕಾಣುವುದು ಸಾಮಾನ್ಯ ಕಣಶಿಲೆಯಲ್ಲ. ಕಣಶಿಲೆಯಲ್ಲಿ ಬೆಣಚು, ಅಭ್ರಕ ಮತ್ತು ಫೆಲ್ಡ್‌ಸ್ಪಾರ್ ಎಂಬ ಮೂರು ಖನಿಜಗಳಿರುವುವಷ್ಟೆ. ಗ್ರೇನ್ಸ್‌ಗಿಲ್‌ನಲ್ಲಿ ಫೆಲ್ಡ್‌ಸ್ಪಾರ್ ಬಹುಮಟ್ಟಿಗೆ ಮಾಯವಾಗಿ, ಬೆಣಚೂ ಬೆಳ್ಳಗೆ ಹೊಳೆಯುವ ಅಭ್ರಕವೂ ಮಾತ್ರ ಉಳಿದಿವೆ. ಇಂಥ ಮಾರ್ಪಟ್ಟ ಶಿಲೆಗೆ ಗ್ರೈಸನ್ ಎಂದು ಹೆಸರು. ಬಿಸಿಯಾದ ಖನಿಜಜಲ ಶಿಲೆಯೊಳಗೆ ಬಹುಕಾಲ ಹರಿದಾಡಿದಲ್ಲದೆ ಈ ಮಾರ್ಪಾಡು ಆಗುವುದಿಲ್ಲ. ಆದುದರಿಂದ ಭೂವಿಜ್ಞಾನಿಗೆ ಗ್ರೈಸನ್ ಕಂಡರೆ ಹತ್ತಿರದಲ್ಲಿ ತವರವೋ ಟಂಗ್‌ಸ್ಟನ್ನೋ ಇರಬಹುದೆಂಬ ಸಂದೇಹ ಹುಟ್ಟುತ್ತದೆ.

ಸಿರಗಳು ಹುಟ್ಟಿದ ಬಗೆ

ಭೂಮಿಯ ಹೊರಪದರದಲ್ಲಿ ಟಂಗ್‌ಸ್ಟನ್ನಿನ ಪ್ರಮಾಣ ಸರಾಸರಿ ಹತ್ತು ಲಕ್ಷ ಭಾಗಕ್ಕೆ ಒಂದು ಭಾಗದ ಆಸುಪಾಸಿನಲ್ಲಿದೆ. ಅದು ಗಣಿಯಾಗಬೇಕಾದರೆ ಸಾವಿರಾರು ಪಟ್ಟು ಒಂದೆಡೆ ಸಾಂದ್ರವಾಗಬೇಕು. ಪ್ರಕೃತಿ ಇದನ್ನು ಹೇಗೆ ಸಾಧಿಸುತ್ತದೆ?

ಶಿಲಾರಸ ತಣ್ಣಗಾಗುವಾಗ ಒಂದೊಂದು ಖನಿಜವೂ ತನ್ನ ಹರಳಿಗೆ ಬೇಕಾದ ಪರಮಾಣುಗಳನ್ನು ಆರಿಸಿಕೊಳ್ಳುತ್ತದೆ. ಟಂಗ್‌ಸ್ಟನ್ನಿನ ಪರಮಾಣುಗಳು ಬೆಣಚಿನ ಹರಳಿಗಾಗಲಿ ಫೆಲ್ಡ್‌ಸ್ಪಾರಿನ ಹರಳಿಗಾಗಲಿ ಹೊಂದುವುದಿಲ್ಲ. ಮದುವೆಯ ಪಂಕ್ತಿಯಲ್ಲಿ ಎಲೆ ಸಿಕ್ಕದವರಂತೆ ಅವು ಕೊನೆಯವರೆಗೆ ಹೊರಗೇ ಉಳಿಯುತ್ತವೆ. ಹೀಗೆ ಆರುತ್ತಿರುವ ಶಿಲಾರಸದ ಕೊನೆಯ ಅಂಶದಲ್ಲಿಯೂ, ಅದರೊಡನೆ ಇರುವ ಬಿಸಿ ನೀರಿನಲ್ಲಿಯೂ ಟಂಗ್‌ಸ್ಟನ್ ಸೇರಿಕೊಳ್ಳುತ್ತದೆ. ಮೇಲಿನ ಶಿಲೆಗಳು ಬಿರುಕು ಬಿಟ್ಟಾಗ ಈ ನೀರು ಬಿರುಕುಗಳಲ್ಲಿ ಏರಿ, ಉಷ್ಣತೆಯೂ ಒತ್ತಡವೂ ಕಡಮೆಯಾದಂತೆ ತನ್ನಲ್ಲಿ ಕರಗಿದ್ದ ವಸ್ತುಗಳನ್ನು ಬಿಟ್ಟುಬಿಡುತ್ತದೆ. ಬಿರುಕು ತುಂಬಿ ಗಟ್ಟಿಯಾದರೆ ಅದೇ ಸಿರ. ಸಿರದ ಬಹುಪಾಲು ಬಿಳಿಯ ಬೆಣಚು. ಅದರ ನಡುವೆ ಅಲ್ಲಲ್ಲಿ ಅದಿರಿನ ಹರಳು.

ನಲವತ್ತು ಕೋಟಿ ವರ್ಷಗಳ ಹಿಂದಿನ ನೀರಿನ ವಿಚಾರ ನಮಗೆ ತಿಳಿದುದು ಹೇಗೆಂದು ಯಾರಾದರೂ ಕೇಳಬಹುದು. ಬೆಣಚಿನ ಹರಳು ಬೆಳೆಯುವಾಗ ಆ ನೀರಿನ ಅತಿಸೂಕ್ಷ್ಮ ಹನಿಗಳು ಅದರೊಳಗೆ ಸೆರೆಯಾಗುತ್ತವೆ. ಅನಂತರ ಹರಳು ತಣ್ಣಗಾದಾಗ ಹನಿ ಕುಗ್ಗಿ, ಅದರಲ್ಲಿ ಒಂದು ಗುಳ್ಳೆ ಕಾಣಿಸಿಕೊಳ್ಳುತ್ತದೆ. ತೆಳುವಾಗಿ ಉಜ್ಜಿದ ಬೆಣಚಿನ ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಮೆಲ್ಲಮೆಲ್ಲನೆ ಕಾಯಿಸಿದರೆ ಒಂದು ಹಂತದಲ್ಲಿ ಗುಳ್ಳೆ ಮಾಯವಾಗುತ್ತದೆ. ಹನಿ ಸೆರೆಯಾದಾಗ ಉಷ್ಣತೆ ಕನಿಷ್ಠಪಕ್ಷ ಅಷ್ಟಿದ್ದಿತೆಂದು ಹೇಳಬಹುದು. ಹನಿಯನ್ನು ಹೆಪ್ಪುಗಟ್ಟಿಸಿ ಅದು ಯಾವಾಗ ಕರಗುವುದೆಂದು ನೋಡಿದರೆ ಉಪ್ಪಿನ ಪ್ರಮಾಣವೂ ತಿಳಿಯುತ್ತದೆ. 1970ರ ದಶಕದಲ್ಲಿ ಕ್ಯಾರಕ್ ಬೆಣಚನ್ನು ಹೀಗೆ ಪರೀಕ್ಷಿಸಿದಾಗ, ಸಿರಗಳನ್ನು ಕಟ್ಟಿದ್ದು 250ರಿಂದ 300 ಡಿಗ್ರಿಯ ಆಸುಪಾಸಿನ ಉಪ್ಪುನೀರೆಂದು ಕಂಡುಬಂದಿತು.

ಕ್ಯಾರಕ್‌ನಲ್ಲಿ ಮುಖ್ಯವಾದ ಸಿರಗಳು ಮೂರು: ಸ್ಮಿತ್, ಹಾರ್ಡಿಂಗ್, ಎಮರ್ಸನ್. ಮೂರೂ ಉತ್ತರ ದಕ್ಷಿಣವಾಗಿ ಹಾದು, ನೆಟ್ಟಗೆ ನಿಲ್ಲಿಸಿದ ಹಲಗೆಗಳಂತೆ ಭೂಮಿಯೊಳಕ್ಕೆ ಇಳಿದಿವೆ. ಗ್ರೈಸನ್, ಬೆಂದ ಜೇಡಿಶಿಲೆ, ಗ್ಯಾಬ್ರೊ ಈ ಮೂರನ್ನೂ ಅವು ಸೀಳಿಕೊಂಡು ಹೋಗಿವೆ. ಇದರಿಂದ ಸಿರಗಳು ಈ ಮೂರು ಶಿಲೆಗಳಿಗಿಂತಲೂ ಈಚಿನವು ಎಂಬುದು ಸ್ಪಷ್ಟ. ಕೊಯ್ಯುವ ವಸ್ತು ಕೊಯ್ಯಲ್ಪಟ್ಟ ವಸ್ತುವಿಗಿಂತ ಕಿರಿಯದಾಗಿರಲೇಬೇಕು. ಸಿರದ ಅಗಲ ಒಂದೇ ಸಮನಾಗಿಲ್ಲ. ಒಂದೆಡೆ ಮೊಳದಗಲವಿದ್ದು ನಾಲ್ಕು ಮಾರು ಮುಂದೆ ಹೋಗುವುದರೊಳಗೆ ಗೇಣಗಲಕ್ಕೆ ಇಳಿಯಬಹುದು. ಕೆಲವೆಡೆ ಭೂಮಿಯ ಪದರಗಳು ಜರಗಿ ಸಿರವೇ ತುಂಡಾಗಿ ಪಕ್ಕಕ್ಕೆ ಸರಿದಿರುವುದೂ ಉಂಟು.

ಇಲ್ಲಿನ ಮುಖ್ಯ ಅದಿರು ವುಲ್ಫ್ರಮೈಟ್. ಕಬ್ಬಿಣ, ಮ್ಯಾಂಗನೀಸು, ಟಂಗ್‌ಸ್ಟನ್, ಆಮ್ಲಜನಕಗಳು ಸೇರಿ ಆದ ಇದರ ಕಪ್ಪು ಹರಳುಗಳು ಬೆಳ್ಳಗಿನ ಬೆಣಚಿನಲ್ಲಿ ಚೂರಿಯ ಅಲಗುಗಳಂತೆ ನೆಟ್ಟಿರುತ್ತವೆ. ಅದರೊಡನೆ ಕ್ಯಾಲ್ಸಿಯಂ ಉಳ್ಳ ಷೀಲೈಟೂ ಇದೆ. ಕೆಲವು ಹರಳುಗಳಲ್ಲಿ ಷೀಲೈಟು ವುಲ್ಫ್ರಮೈಟಿನ ಸ್ಥಾನವನ್ನು ಆಕ್ರಮಿಸಿರುವುದರಿಂದ ಅದು ಆಮೇಲೆ ಬಂದುದೆಂದು ತಿಳಿಯುತ್ತದೆ. ಷೀಲೈಟನ್ನು ಬೆಣಚಿನಿಂದ ಬರಿಗಣ್ಣಿಗೆ ಗುರುತಿಸುವುದು ಕಷ್ಟ. ಆದರೆ ಕತ್ತಲೆಯಲ್ಲಿ ನೀಲಲೋಹಿತಾತೀತ ಕಿರಣಗಳ ದೀಪ ಹಿಡಿದರೆ ಬೆಣಚು ಕಪ್ಪಾಗಿಯೇ ಉಳಿದು, ಷೀಲೈಟು ಮಾತ್ರ ತಿಂಗಳ ಬೆಳಕಿನಂಥ ನೀಲಿಬಿಳುಪಿನಿಂದ ಹೊಳೆಯುತ್ತದೆ. ಇವಲ್ಲದೆ ಪಾಷಾಣ, ಕಬ್ಬಿಣ ಮತ್ತು ಗಂಧಕಗಳ ಸಂಯುಕ್ತವಾದ ಆರ್ಸೆನೊಪೈರೈಟೂ ಸಿರಗಳಲ್ಲಿ ಧಾರಾಳವಾಗಿದೆ. ಗಣಿಯವರಿಗೆ ಇದು ಬೇಡದ ನೆಂಟ.

ಬೆಟ್ಟದೊಳಗಿನ ಕೆಲಸ

ಕೋಲಾರದಂತೆ ಇಲ್ಲಿ ಆಳವಾದ ಕೂಪ ತೋಡುವ ಅಗತ್ಯ ಬೀಳಲಿಲ್ಲ. ಹಳ್ಳವು ಸಿರಗಳಿಗೆ ಅಡ್ಡಲಾಗಿ ಕಣಿವೆಯನ್ನು ಕೊರೆದಿದ್ದುದರಿಂದ, ಕಣಿವೆಯ ಗೋಡೆಯಲ್ಲಿ ಸಿರ ಕಾಣುವ ಕಡೆಯಿಂದಲೇ ಅದರ ಜಾಡು ಹಿಡಿದು ಬೆಟ್ಟದೊಳಕ್ಕೆ ಮಟ್ಟಸವಾದ ಸುರಂಗವನ್ನು ಕೊರೆಯಬಹುದಾಗಿತ್ತು. ಸುರಂಗದ ನೆಲವನ್ನು ಬಾಯಿಯ ಕಡೆಗೆ ಸ್ವಲ್ಪ ಇಳಿಜಾರಾಗಿ ಮಾಡಿದರೆ ಒಳಗಿನ ನೀರು ಪಂಪಿನ ಸಹಾಯವಿಲ್ಲದೆ ತಾನಾಗಿ ಹೊರಕ್ಕೆ ಹರಿಯುತ್ತದೆ. ಅದಿರು ತುಂಬಿದ ಬಂಡಿಗಳೂ ಹಳಿಯ ಮೇಲೆ ಸುಲಭವಾಗಿ ಹೊರಕ್ಕೆ ಉರುಳುತ್ತವೆ.

ಸುರಂಗ ಸಿದ್ಧವಾದ ಮೇಲೆ ಅದಿರನ್ನು ಕೀಳುವುದು ಕೆಳಗಿನಿಂದ ಮೇಲಕ್ಕೆ. ಕೆಲಸಗಾರರು ಸುರಂಗದ ಚಾವಣಿಯಲ್ಲಿರುವ ಸಿರಕ್ಕೆ ರಂಧ್ರ ಕೊರೆದು, ಮದ್ದು ತುಂಬಿ ಸಿಡಿಸುತ್ತಾರೆ. ಸಿಡಿದ ಕಲ್ಲು ಕೆಳಕ್ಕೆ ಬೀಳುತ್ತದೆ. ಒಡೆದ ಕಲ್ಲು ಗಟ್ಟಿ ಕಲ್ಲಿಗಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ, ಪ್ರತಿಸಲವೂ ಸುಮಾರು ಮೂರನೆಯ ಒಂದು ಭಾಗದಷ್ಟನ್ನು ಅಡಿಯ ಮರದ ದೋಣಿಗಳ ಮೂಲಕ ಬಂಡಿಗಳಿಗೆ ಇಳಿಸಿ, ಮಿಕ್ಕುದನ್ನು ಅಲ್ಲಿಯೇ ಬಿಡಬಹುದು. ಆ ರಾಶಿಯೇ ಕೆಲಸಗಾರರಿಗೆ ನಿಲ್ಲುವ ನೆಲ. ಎರಡು ಪಕ್ಕದ ಗೋಡೆಗಳಿಗೂ ಅದೇ ಆಸರೆ. ಮೇಲಿನವರೆಗೆ ಕಿತ್ತು ಮುಗಿದ ಮೇಲೆ ಇಡೀ ರಾಶಿಯನ್ನು ಕೆಳಗಿನಿಂದ ಖಾಲಿಮಾಡಲಾಗುತ್ತದೆ. ನೆಟ್ಟನೆಯ ತೆಳು ಸಿರಗಳಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ.

ತೆಳು ಸಿರದ ದೊಡ್ಡ ಶತ್ರುವೆಂದರೆ ಬೆರಕೆ. ಲೆಕ್ಕಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸಿರದ ಅಗಲ 40 ಸೆಂಟಿಮೀಟರು. ಅದರಲ್ಲಿ ಟಂಗ್‌ಸ್ಟನ್ ಆಕ್ಸೈಡಿನ ಪ್ರಮಾಣ ನೂರಕ್ಕೆ 1.2. ಆದರೆ ನಾಲ್ವತ್ತು ಸೆಂಟಿಮೀಟರಿನ ಸಂದಿಯಲ್ಲಿ ಮನುಷ್ಯ ನಿಂತು ಯಂತ್ರ ಹಿಡಿಯಲಾರ. 120 ಸೆಂಟಿಮೀಟರಾದರೂ ಬೇಕು. ಹಾಗೆಂದಮೇಲೆ ಒಂದು ಪಾಲು ಸಿರದೊಡನೆ ಎರಡು ಪಾಲು ಬರಿಯ ಗೋಡೆಕಲ್ಲನ್ನೂ ಒಡೆಯಲೇಬೇಕು. ಹೊರಕ್ಕೆ ಬಂದ ಕಲ್ಲಿನಲ್ಲಿ ಆಕ್ಸೈಡು ನೂರಕ್ಕೆ 0.4 ಆಯಿತು, ಒಂದು ಟನ್ನಿಗೆ ಕೇವಲ ನಾಲ್ಕು ಕಿಲೋಗ್ರಾಮು. ಇದರಲ್ಲಿಯೂ ಒಂದು ಭಾಗ ಬೇರ್ಪಡಿಸುವಾಗ ನಷ್ಟವಾಗುತ್ತದೆ. ಕೊರೆಯುವ, ಸಿಡಿಸುವ, ಸಾಗಿಸುವ, ಅರೆಯುವ ಖರ್ಚಾದರೋ ಟನ್ ಒಂದಕ್ಕೆ ಇಷ್ಟೆಂದು ಬೀಳುತ್ತದೆ. ನಾಲ್ಕು ಕಿಲೋಗ್ರಾಮಿನ ಬೆಲೆ ಆ ಖರ್ಚಿಗಿಂತ ಹೆಚ್ಚಾದರೆ ಅದು ಅದಿರು, ಕಡಮೆಯಾದರೆ ಕಲ್ಲು.

ಭಾರದಿಂದ ಬೇರ್ಪಡಿಸುವುದು

ಹೊರಕ್ಕೆ ಬಂದ ಕಲ್ಲನ್ನು ಯಂತ್ರಗಳಲ್ಲಿ ಒಡೆದು ಮರಳಿನಷ್ಟು ಸಣ್ಣಗೆ ಮಾಡುತ್ತಾರೆ. ಬಹಳ ನುಣ್ಣಗೆ ಅರೆದರೂ ತೊಂದರೆಯೇ. ವುಲ್ಫ್ರಮೈಟು ಸುಲಭವಾಗಿ ಪುಡಿಯಾಗುವುದರಿಂದ ಕೆಸರಾಗಿ ನೀರಿನೊಡನೆ ಕೊಚ್ಚಿಹೋಗುತ್ತದೆ. ಮುಂದಿನ ಕೆಲಸವೆಲ್ಲ ನಮ್ಮ ತಾಯಂದಿರು ಅಕ್ಕಿಯನ್ನು ನೀರಿನಲ್ಲಿ ಆಡಿಸಿ ಕಲ್ಲು ಗಾಳಿಸುವ ಉಪಾಯವೇ. ಸ್ವಲ್ಪ ಇಳಿಜಾರಾದ, ಉದ್ದಕ್ಕೂ ತೆಳು ಪಟ್ಟಿಗಳನ್ನು ಹೊಡೆದ ಮೇಜುಗಳ ಮೇಲೆ ನೀರು ಬೆರೆತ ಪುಡಿಯನ್ನು ಹರಿಯಬಿಟ್ಟು ಮೇಜನ್ನು ಜಗ್ಗಿಜಗ್ಗಿ ಅಲುಗಿಸುತ್ತಾರೆ. ಹಗುರವಾದ ಬೆಣಚು ನೀರಿನೊಡನೆ ಪಟ್ಟಿಗಳನ್ನು ದಾಟಿ ಕೆಳಕ್ಕೆ ಹರಿದುಹೋಗುತ್ತದೆ. ಭಾರವಾದ ಅದಿರು ಪಟ್ಟಿಗಳ ಹಿಂದೆ ನಿಂತು, ಮೇಜಿನ ತುದಿಯ ಕಡೆಗೆ ಸರಿಯುತ್ತದೆ.

ಇದು ಎಷ್ಟು ಸುಲಭವೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಬೆಣಚಿನ ಸಾಪೇಕ್ಷ ಸಾಂದ್ರತೆ 2.65, ವುಲ್ಫ್ರಮೈಟಿನದು ಸುಮಾರು 7.2. ನೀರಿನಲ್ಲಿ ಮುಳುಗಿದಾಗ ಎರಡರಿಂದಲೂ ಒಂದನ್ನು ಕಳೆಯಬೇಕೆಂದು ಆರ್ಕಿಮಿಡೀಸನ ನಿಯಮ ಹೇಳುತ್ತದೆ. ಉಳಿಯುವುದು 1.65 ಮತ್ತು 6.2. ಎಂದರೆ ಗಾಳಿಯಲ್ಲಿ ಬೆಣಚಿಗಿಂತ ಮೂರು ಪಟ್ಟಿಗೂ ಕಡಮೆ ಭಾರವಿದ್ದ ಅದಿರು ನೀರಿನಲ್ಲಿ ನಾಲ್ಕು ಪಟ್ಟಿನ ಹತ್ತಿರಕ್ಕೆ ಬರುತ್ತದೆ. ನೀರೇ ಇಲ್ಲಿ ತಕ್ಕಡಿಯ ಕೆಲಸವನ್ನು ಮಾಡುತ್ತದೆ.

ಆದರೆ ಮೇಲೆ ಹೇಳಿದ ಬೇಡದ ನೆಂಟನ ಸಾಂದ್ರತೆಯೂ ಆರರ ಸಮೀಪದ್ದು. ಅದು ಅದಿರಿನೊಡನೆಯೇ ಉಳಿದುಬಿಡುತ್ತದೆ. ಪಾಷಾಣ ಬೆರೆತ ಅದಿರನ್ನು ಉಕ್ಕಿನವರು ಕೊಳ್ಳಲೊಲ್ಲರು. ಆದುದರಿಂದ ನೀರಿಗೆ ಕೆಲವು ದ್ರವ್ಯಗಳನ್ನು ಸೇರಿಸಿ ನೊರೆಯೆಬ್ಬಿಸಿ, ಗಂಧಕದ ಖನಿಜಗಳು ನೊರೆಗೆ ಅಂಟಿಕೊಂಡು ತೇಲಿಹೋಗುವಂತೆ ಮಾಡುತ್ತಾರೆ. ವುಲ್ಫ್ರಮೈಟನ್ನು ಬಲವಾದ ಅಯಸ್ಕಾಂತ ಸ್ವಲ್ಪಮಟ್ಟಿಗೆ ಸೆಳೆಯುತ್ತದೆ, ಷೀಲೈಟನ್ನು ಸೆಳೆಯುವುದಿಲ್ಲ. ಎರಡನ್ನೂ ಬೇರೆಮಾಡಲು ಈ ಭೇದವೇ ಸಾಧನ. ಕೊನೆಗೆ ಮಾರುಕಟ್ಟೆಗೆ ಹೋಗುವ ಸಾಂದ್ರೀಕೃತ ಅದಿರಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 65ರಷ್ಟು ಟಂಗ್‌ಸ್ಟನ್ ಆಕ್ಸೈಡು ಇರಬೇಕೆಂಬುದು ಕೊಳ್ಳುವವರ ಕರಾರು.

ತೆರೆದದ್ದೂ ಮುಚ್ಚಿದ್ದೂ

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಕ್ಯಾರಕ್ ಬೆಟ್ಟದಲ್ಲಿ ಜನರು ಹುಡುಕಿದುದು ಸೀಸವನ್ನು. ಆಗ ವುಲ್ಫ್ರಮೈಟಿಗೆ ಬೆಲೆಯೇ ಇರಲಿಲ್ಲ. ಟಂಗ್‌ಸ್ಟನ್ ಉಕ್ಕಿಗೆ ಬೇಡಿಕೆ ಬಂದ ಮೇಲೆ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಅದೇ ಸಿರಗಳು ಅದಿರೆನಿಸಿಕೊಂಡುವು. ಆ ವರ್ಷಗಳಲ್ಲಿ ಗಣಿಯ ವ್ಯವಹಾರದಲ್ಲಿ ಜರ್ಮನರೂ ಇದ್ದರು. ಟಂಗ್‌ಸ್ಟನ್ ಅದಿರನ್ನು ಕೊಂಡು ಶುದ್ಧೀಕರಿಸುವ ಉದ್ಯಮ ಆಗ ಬಹುಮಟ್ಟಿಗೆ ಜರ್ಮನಿಯ ಕೈಯಲ್ಲಿಯೇ ಇದ್ದಿತು. ಬ್ರಿಟಿಷರ ಆಳ್ವಿಕೆಯ ಬರ್ಮದಲ್ಲಿ ತೆಗೆದ ಅದಿರು ಕೂಡ ಜರ್ಮನಿಗೆ ಹೋಗಿ, ಅಲ್ಲಿಂದ ಲೋಹವಾಗಿ ಇಂಗ್ಲೆಂಡಿಗೆ ಬರುತ್ತಿತ್ತು.

1914ರಲ್ಲಿ ಯುದ್ಧ ಪ್ರಾರಂಭವಾದಾಗ ಇಂಗ್ಲೆಂಡಿನ ಕಾರ್ಖಾನೆಗಳಿಗೆ ಇದರ ಅಪಾಯ ಅರಿವಾಯಿತು. ಬರ್ಮದ ಗಣಿಗಳನ್ನು ಅವಸರದಿಂದ ಬೆಳೆಸಿದರು. ಸ್ವದೇಶದ ಚಿಕ್ಕ ಗಣಿಗಳನ್ನೂ ಬಿಡಲಿಲ್ಲ. 1913ರಲ್ಲಿ ಹೊಸ ಆಡಳಿತಕ್ಕೆ ಬಂದಿದ್ದ ಕ್ಯಾರಕ್ ಗಣಿ ಯುದ್ಧದ ವರ್ಷಗಳಲ್ಲಿ ಬಿಡುವಿಲ್ಲದೆ ಕೆಲಸಮಾಡಿತು. 1918ರಲ್ಲಿ ಯುದ್ಧ ಮುಗಿಯಿತು; ಬೆಲೆ ಕುಸಿಯಿತು; ಗಣಿ ಮುಚ್ಚಿತು.

ಎರಡನೆಯ ಮಹಾಯುದ್ಧದಲ್ಲಿ ಇದೇ ಕಥೆ ಮರುಕಳಿಸಿತು. 1942ರಲ್ಲಿ ಜಪಾನೀಯರು ಬರ್ಮವನ್ನು ಆಕ್ರಮಿಸಿದರು. ಅಲ್ಲಿನ ಟಂಗ್‌ಸ್ಟನ್ ಬ್ರಿಟನ್ನಿಗೆ ತಪ್ಪಿಹೋಯಿತು. ಅದೇ ವರ್ಷ ಸರ್ಕಾರದ ಸರಬರಾಜು ಶಾಖೆಯವರು ಕ್ಯಾರಕ್ ಕಣಿವೆಗೆ ಬಂದು ಹೊಸ ಸುರಂಗಗಳನ್ನು ಕೊರೆಯಿಸಿ, ಸಿರಗಳಲ್ಲಿ ಅದಿರೆಷ್ಟಿದೆಯೆಂದು ಅಳೆದರು. 1943ರ ವೇಳೆಗೆ ಬೇರೆ ದೇಶಗಳಿಂದ ಸರಬರಾಜು ಸುಧಾರಿಸಿತು. ಅಳತೆಯ ಕೆಲಸ ಮುಗಿಯಿತೇ ಹೊರತು ಅದಿರು ಹೊರಕ್ಕೆ ಬರಲಿಲ್ಲ.

ಕೊನೆಯ ಬಾರಿ ಗಣಿ ತೆರೆದುದು 1970ರ ದಶಕದಲ್ಲಿ. ಈ ಸಲ ಯುದ್ಧವಿರಲಿಲ್ಲ. ಪ್ರಪಂಚದ ಮಾರುಕಟ್ಟೆಯಲ್ಲಿ ಬೆಲೆ ಮಾತ್ರ ಬಹಳ ಏರಿದ್ದಿತು. ಹೊಸ ಯಂತ್ರಶಾಲೆಯನ್ನು ಕಟ್ಟಿ ಕೆಲಸ ಪ್ರಾರಂಭಿಸಿದರು. ಬೆಲೆ ಮತ್ತೆ ಇಳಿಯಿತು. 1981ರಲ್ಲಿ ಕೆಲಸ ನಿಂತಿತು. 1988ರಲ್ಲಿ ಯಂತ್ರಶಾಲೆಯನ್ನೂ ಬಿಚ್ಚಿ ತೆಗೆದುಬಿಟ್ಟರು. ಈಗ ಅಲ್ಲಿ ಕಾಣುವುದು ಮುಚ್ಚಿದ ಸುರಂಗಗಳ ಬಾಯಿ, ಕೆಲವು ಗೋಡೆಗಳ ಅಡಿಪಾಯ, ಕಲ್ಲಿನ ರಾಶಿಗಳು.

ಹಾಳುಬಿದ್ದ ಗಣಿ ತಾನಾಗಿ ಸುಮ್ಮನಿರುವುದಿಲ್ಲ ಎಂಬುದನ್ನೂ ಹೇಳಬೇಕು. ಒಡೆದ ಕಲ್ಲಿನಲ್ಲಿರುವ ಆರ್ಸೆನೊಪೈರೈಟು ಗಾಳಿ ಮತ್ತು ಮಳೆನೀರಿನ ಸಂಪರ್ಕದಿಂದ ಕೊಳೆತು, ಪಾಷಾಣವನ್ನು ನೀರಿಗೆ ಬಿಡುತ್ತದೆ. ಒಳಗೆ, ರಾಶಿಯನ್ನು ಖಾಲಿಮಾಡಿದ ಸಿರಗಳು ಆಳವಾದ ಸಂದಿಗಳಾಗಿ ಉಳಿದಿರುತ್ತವೆ. ಅವುಗಳ ಮೇಲೆ ಹಾಸಿದ ಮರ ಕಾಲಕ್ರಮದಲ್ಲಿ ಕೊಳೆತು, ಮೇಲೆ ಮಣ್ಣು ಕುಳಿತು, ಗಟ್ಟಿ ನೆಲದಂತೆಯೇ ಕಾಣುತ್ತದೆ. ಹಳೆಯ ಗಣಿಗಳಿಗೆ ಕುತೂಹಲದಿಂದ ನುಗ್ಗಿದವರು ಪ್ರಾಣ ಕಳೆದುಕೊಳ್ಳುವುದು ಬಹುತೇಕ ಹೀಗೆಯೇ. ಯಾವ ದೇಶದ ಗಣಿಯೇ ಆಗಲಿ, ಹೊರಗಿನ ರಾಶಿಯಲ್ಲಿ ಕಲಿಯುವುದಕ್ಕೆ ಬೇಕಾದಷ್ಟಿರುತ್ತದೆ, ಒಳಕ್ಕೆ ಹೋಗಬಾರದು.

ನಮ್ಮ ನಾಡಿನ ಮಾತು

ಇದೆಲ್ಲ ದೂರದ ಇಂಗ್ಲೆಂಡಿನ ಸಂಗತಿಯೆಂದು ವಾಚಕರು ಭಾವಿಸಬಾರದು. ರಾಜಸ್ಥಾನದ ನಾಗೌರ್ ಜಿಲ್ಲೆಯ ಡೇಗಾನದ ಬಳಿ ರೇವತ್ ಎಂಬ ಗುಡ್ಡವಿದೆ. ಅಲ್ಲಿಯೂ ಕಣಶಿಲೆ, ಅಲ್ಲಿಯೂ ಗ್ರೈಸನ್, ಅಲ್ಲಿಯೂ ಬೆಣಚಿನ ಸಿರಗಳಲ್ಲಿ ವುಲ್ಫ್ರಮೈಟು. ಎರಡು ಮಹಾಯುದ್ಧಗಳ ಕಾಲದಲ್ಲಿಯೂ ಅಲ್ಲಿ ಅದಿರು ತೆಗೆದರು. ಸ್ವಾತಂತ್ರ್ಯಾನಂತರವೂ ಬಹುಕಾಲ ಕೆಲಸ ನಡೆಯಿತು. 1990ರ ದಶಕದಲ್ಲಿ, ಚೀನದ ಅಗ್ಗದ ಅದಿರಿನ ಮುಂದೆ ನಿಲ್ಲಲಾರದೆ ಆ ಗಣಿಯೂ ಮುಚ್ಚಿತು.

ಇನ್ನು ಕೋಲಾರ. ಅಲ್ಲಿನ ಚಿನ್ನದ ಸಿರಗಳಲ್ಲಿ ಸ್ವಲ್ಪ ಷೀಲೈಟೂ ಇದ್ದಿತು. ಚಿನ್ನ ತೆಗೆದುಕೊಂಡು ಉಳಿದುದನ್ನು ಹೊರಕ್ಕೆ ಸುರಿದಾಗ ಅದೂ ಹೊರಕ್ಕೆ ಹೋಯಿತು. 2001ರಲ್ಲಿ ಗಣಿಗಳು ಮುಚ್ಚುವ ಮೊದಲು, ಆ ಪುಡಿಯ ರಾಶಿಗಳಿಂದ ಷೀಲೈಟನ್ನು ಬೇರ್ಪಡಿಸುವ ಕೆಲಸ ಕೆಲಕಾಲ ನಡೆದುದೂ ಉಂಟು. ಟನ್ನಿಗೆ ದೊರೆಯುವುದು ಅತ್ಯಲ್ಪ. ಆದರೆ ರಾಶಿಯಲ್ಲಿರುವುದು ಕೋಟಿಗಟ್ಟಲೆ ಟನ್ನು, ಅದೂ ಆಗಲೇ ಅಗೆದು ಅರೆದು ಸಿದ್ಧವಾದ ಪುಡಿ. ಈ ರಾಶಿಗಳಿಂದಾಗಿಯೇ ಭಾರತದ ಟಂಗ್‌ಸ್ಟನ್ ನಿಕ್ಷೇಪಗಳ ಸರ್ಕಾರಿ ಲೆಕ್ಕದಲ್ಲಿ ಕರ್ನಾಟಕದ ಹೆಸರು ಮೊದಲಿಗಿದೆ. ಹಾಗಿದ್ದರೂ ನಮ್ಮ ಕಾರ್ಖಾನೆಗಳಿಗೆ ಬೇಕಾದ ಹೊಸ ಟಂಗ್‌ಸ್ಟನ್ ಬರುತ್ತಿರುವುದು ಹೊರದೇಶಗಳಿಂದಲೇ.

ಪ್ರಪಂಚದ ಗಣಿಗಳಿಂದ ಬರುವ ಟಂಗ್‌ಸ್ಟನ್ನಿನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಚೀನದ್ದು. 2025ರ ಫೆಬ್ರವರಿಯಲ್ಲಿ ಆ ದೇಶ ಟಂಗ್‌ಸ್ಟನ್ ವಸ್ತುಗಳ ರಫ್ತಿಗೆ ಕಟ್ಟಳೆ ವಿಧಿಸಿತು. ಆ ವರ್ಷ ಬೆಲೆ ಬಹಳವಾಗಿ ಏರಿತು. 1914ರಲ್ಲಿ ಇಂಗ್ಲೆಂಡು ಕಂಡುಕೊಂಡ ಸತ್ಯವನ್ನು ಅನೇಕ ದೇಶಗಳು ಮತ್ತೊಮ್ಮೆ ಕಂಡುಕೊಂಡುವು.

ಅದಿರೆಂದರೆ ಲೋಹವುಳ್ಳ ಕಲ್ಲು ಎಂದು ಪಾಠದ ಪುಸ್ತಕದಲ್ಲಿ ಓದುತ್ತೇವೆ. ‘ಲಾಭವಾಗಿ ಲೋಹ ತೆಗೆಯಬಹುದಾದ ಕಲ್ಲು’ ಎಂದು ತಿದ್ದಿಕೊಂಡರೆ ಅರ್ಥ ಪೂರ್ಣವಾಗುತ್ತದೆ. ಸಿರ ಎಲ್ಲಿದೆ, ಎಷ್ಟು ಅಗಲವಿದೆ, ಏನು ಬೆರೆತಿದೆ ಎಂಬುದನ್ನು ಭೂವಿಜ್ಞಾನಿ ಹೇಳಬಲ್ಲನು. ಹೆಚ್ಚು ನಷ್ಟವಿಲ್ಲದೆ ಬೇರ್ಪಡಿಸುವ ಉಪಾಯವನ್ನು ಇಂಜಿನಿಯರು ಕಂಡುಹಿಡಿಯಬಲ್ಲನು. ಬೆಲೆ ಅವರಿಬ್ಬರ ಕೈಯಲ್ಲಿಯೂ ಇಲ್ಲ. ಆದರೆ ಆ ಇಬ್ಬರೂ ತಮ್ಮ ಕೆಲಸವನ್ನು ಮೊದಲೇ ಮಾಡಿಟ್ಟಿದ್ದರೆ, ಬೆಲೆ ಏರಿದ ದಿನ ದೇಶ ಕೈಕಟ್ಟಿ ಕುಳಿತುಕೊಳ್ಳಬೇಕಾಗುವುದಿಲ್ಲ. ಮುಂದಿನ ಸಲ ಕೋಲಾರದ ಕಡೆಯ ರೈಲಿನಲ್ಲಿ ಹೋಗುವಾಗ ಆ ಬೂದು ಬಣ್ಣದ ಗುಡ್ಡಗಳನ್ನು ನೋಡಿದರೆ, ಇವು ಕಲ್ಲೋ ಅದಿರೋ ಎಂದು ವಿದ್ಯಾರ್ಥಿಗಳು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಉತ್ತರ ಇನ್ನೂ ಬರೆದು ಮುಗಿದಿಲ್ಲ.